ಇಂಪನಾ ಯಾರ ಹತ್ತಿರ ಹಠ ಮಾಡುತ್ತಾಳೆ

ಬಂಗಾರಮ್ಮನ ಮೊಮ್ಮಗಳು ಇಂಪನಾ ಎಂಥ ಒಳ್ಳೆಯ ಹುಡುಗಿ ಎಂದರೆ, ಕೋರ್ಟಿನವರೇ ಅದನ್ನು ಬರೆದುಕೊಂಡುಬಿಟ್ಟರು. ಇನ್ನೂ ಒಂದನೇ ಕ್ಲಾಸಿನ ಮಗು. ಶಿವಮೊಗ್ಗದ ಕೋರ್ಟಿನಲ್ಲಿ ಮಕ್ಕಳಿಗಂತಲೇ ಒಂದು ಕೋಣೆ ಇತ್ತು. ನೆಲಕ್ಕೆ ಬಣ್ಣದ ಚಾಪೆ, ಮೂಲೆಯಲ್ಲಿ ಕಿವಿ ಹರಿದ ಆನೆ ಬೊಂಬೆ. ಮಗು ಅಪ್ಪನ ಹತ್ತಿರ ಹೇಗಿರುತ್ತದೆ, ಅಮ್ಮನ ಹತ್ತಿರ ಹೇಗಿರುತ್ತದೆ ಅಂತ ನೋಡುವುದಕ್ಕೆ ಸಮಾಲೋಚಕಿ ಮೇಡಂ ಅವರಿಬ್ಬರನ್ನೂ ಅಲ್ಲಿಗೆ ಬೇರೆ ಬೇರೆಯಾಗಿ ಕರೆಸಿದರು. ಬಂಗಾರಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದಳು.

ಮೊದಲು ಅಮ್ಮ, ಅಂದರೆ ಬಂಗಾರಮ್ಮನ ಸೊಸೆ ರಕ್ಷಾ, ಬಂದಳು. ನವುಲೆಯ ಕಾಲೇಜಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಇಂಪನಾ ಅವಳನ್ನು ಕಂಡದ್ದೇ ತಡ, ರಂಪ ಶುರು. ತೊಡೆ ಮೇಲೆ ಕೂರುವುದಿಲ್ಲ ಅಂದಳು. ಕೂರಿಸಿಕೊಂಡ ಮೇಲೆ ಇಳಿಯುವುದಿಲ್ಲ ಅಂದಳು. ಜ್ಯೂಸಿನ ಪೊಟ್ಟಣ ಹಿಂಡಿ ಅಮ್ಮನ ಚೂಡಿದಾರದ ತುಂಬಾ ಚೆಲ್ಲಿದಳು. ‘ನೀನು ಕೆಟ್ಟವಳು, ನಿಂಜೊತೆ ಟೂ’ ಅಂತ ಕಾಲಿನಿಂದ ಒದ್ದಳು. ಹೊತ್ತಾಯಿತು ಅಂದಾಗ ಚಾಪೆಯ ಮೇಲೆ ಉರುಳಾಡಿ, ಹೊರಗಿನ ಪೊಲೀಸಪ್ಪ ಇಣುಕಿ ನೋಡುವ ಹಾಗೆ ಕಿರುಚಿದಳು. ರಕ್ಷಾ ಮುಖ ಒರೆಸಿಕೊಂಡು ಎದ್ದು ಹೋದಳು.

ಆಮೇಲೆ ಅಪ್ಪ ಯುವರಾಜ್ ಬಂದ. ಚಾಪೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಇಂಪನಾ ಎದ್ದಳು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಅಪ್ಪನ ಚಪ್ಪಲಿಗಳನ್ನು ಎತ್ತಿ ಗೋಡೆಯ ಪಕ್ಕ ಜೋಡಿಸಿ ಇಟ್ಟಳು. ಬಾಟಲಿಯ ಮುಚ್ಚಳ ತಿರುಗಿಸಿ ಎರಡೂ ಕೈಯಲ್ಲಿ ನೀರು ಕೊಟ್ಟಳು. ಕೊಡುವಾಗ ಒಂದು ಸಲ ಅವನ ಮುಖ ನೋಡಿದಳು. ಅವನು ‘ಕೂತ್ಕೋ ಪುಟ್ಟಿ’ ಅಂದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೇಳಿದ್ದಕ್ಕೆಲ್ಲ ‘ಹ್ಞೂ ಅಪ್ಪ’ ಅಂದಳು.

‘ಅಪ್ಪ ಅಂದ್ರೆ ಎಷ್ಟು ಪ್ರೀತಿ ನೋಡಿ’ ಅಂದರು ಮೇಡಂ. ‘ಈ ಕಾಲದಲ್ಲಿ ಎಂಥ ಸಂಸ್ಕಾರ! ನೀವೇ ಬೆಳೆಸಿದ್ದಾ ಅಜ್ಜಿ?’

ಬಂಗಾರಮ್ಮ ಹೌದೆಂದು ತಲೆ ಆಡಿಸಿದಳು. ಪಾಪ, ಮೇಡಂ ತಪ್ಪೇನೂ ಇಲ್ಲ ಬಿಡಿ. ಕಣ್ಣಿಗೆ ಕಂಡದ್ದನ್ನು ಬರೆದರು. ಮಗು ತಂದೆಯೊಂದಿಗೆ ಶಾಂತವಾಗಿ, ವಿಧೇಯವಾಗಿ ಇರುತ್ತದೆ, ತಾಯಿಯೊಂದಿಗೆ ವಿಪರೀತ ಹಠ ಮಾಡುತ್ತದೆ. ಹಾಗಂತ ವರದಿ ಹೋಯಿತು.

ಆ ಚಪ್ಪಲಿ ಜೋಡಿಸುವುದು, ನೀರು ಕೊಡುವುದು, ಮುಖ ನೋಡುವುದು, ಎಲ್ಲವನ್ನೂ ಕಲಿಸಿದ್ದು ಬಂಗಾರಮ್ಮನೇ. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ! ಭದ್ರಾವತಿಯ ನ್ಯೂ ಟೌನ್‌ನ ಆ ಮನೆಯಲ್ಲಿ ಸಂಜೆ ಯುವರಾಜನ ಬುಲೆಟ್ ತಿರುವಿನಲ್ಲಿ ಸದ್ದು ಮಾಡಿತೆಂದರೆ ಟಿ.ವಿ. ಬಂದ್ ಆಗುತ್ತಿತ್ತು. ಮಿಕ್ಸಿ ನಿಲ್ಲುತ್ತಿತ್ತು. ಟೈರ್ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅಣ್ಣ, ಅಕ್ಕ ಅಂತ ನಗುನಗುತ್ತಾ ಮಾತಾಡುವ ಮನುಷ್ಯ, ಮನೆಯ ಗೇಟು ದಾಟುವಾಗ ಯಾವ ಮುಖ ಹಾಕಿಕೊಂಡು ಬರುತ್ತಾನೋ ದೇವರಿಗೇ ಗೊತ್ತು. ಅದಕ್ಕೇ ಬಂಗಾರಮ್ಮ, ಮಗುವಿಗೆ ಬುದ್ಧಿ ಬರುವ ಹೊತ್ತಿಗೇ ಹೇಳಿಕೊಟ್ಟಿದ್ದಳು. ‘ಮೊದ್ಲು ಚಪ್ಪಲಿ ಎತ್ತಿಡು, ಕಾಲಿಗೆ ಸಿಕ್ರೆ ಅವನಿಗೆ ಸಿಟ್ಟು ಬರ್ತದೆ. ಆಮೇಲೆ ನೀರು ಕೊಡು. ಕೊಡೋವಾಗ ಮುಖ ನೋಡು. ಹುಬ್ಬು ಗಂಟು ಹಾಕಿದ್ರೆ ಮಾತಾಡ್ಬೇಡ, ಸುಮ್ನೆ ಒಳಗೆ ಬಾ. ನಗ್ತಿದ್ರೆ ಸ್ಕೂಲಿನ ವಿಷಯ ಹೇಳು.’

ಇದನ್ನು ಅವಳು ಕಲಿತದ್ದು ಗಂಡ ಬೀರಪ್ಪನ ಕಾಲದಲ್ಲಿ. ಬೀರಪ್ಪ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದನೆಂದರೆ ಬೂಟು ಎತ್ತಿಡಲು ಓಡುತ್ತಿದ್ದವನು ಯಾರು? ಇದೇ ಯುವರಾಜ್, ಚಡ್ಡಿ ಹಾಕಿಕೊಂಡಿದ್ದ ಪುಟ್ಟ ಯುವರಾಜ್. ಅವನಿಗೂ ಬಂಗಾರಮ್ಮ ಇದನ್ನೇ ಹೇಳಿಕೊಟ್ಟಿದ್ದಳು. ಬೀರಪ್ಪ ಸತ್ತು ಗೋಡೆಯ ಫೋಟೋ ಆದ ಮೇಲೆ, ಇನ್ನಾದರೂ ಈ ಮನೆಯಲ್ಲಿ ಉಸಿರಾಡಬಹುದು ಅಂದುಕೊಂಡಿದ್ದಳು. ಮಗನಿಗೆ ಮದುವೆಯಾಯಿತು, ಸೊಸೆ ಬಂದಳು, ಮತ್ತದೇ ಕಥೆ.

ರಕ್ಷಾಳ ಕೈ ಮುರಿದದ್ದು, ಬಸ್ಸು ಕೆಟ್ಟು ಅವಳು ನವುಲೆಯಿಂದ ತಡವಾಗಿ ಬಂದ ಸಂಜೆ. ಯುವರಾಜ್ ಆ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ತಳ್ಳಿದ. ಬಂಗಾರಮ್ಮ ಸೊಸೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಕೇಳಿದಾಗ ರಕ್ಷಾ ಬಾಯಿ ತೆರೆಯುವ ಮೊದಲೇ ‘ಬಚ್ಚಲಲ್ಲಿ ಜಾರಿ ಬಿದ್ಲು ಸಾರ್’ ಅಂತ ಹೇಳಿದ್ದೂ ಅವಳೇ. ಮನೆ ಮರ್ಯಾದೆ ನೋಡಿ! ಪಟ್ಟಿ ಬಿಚ್ಚಿಸಿದ ಮೇಲೆ ಒಂದು ದಿನ ರಕ್ಷಾ ಕೆಲಸಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಸ್ಕೂಲಿನಿಂದ ಮಗುವನ್ನು ಕರೆದೊಯ್ಯಲು ಅವಳು ಬರುವಷ್ಟರಲ್ಲಿ ಯುವರಾಜ್ ಮಗುವನ್ನು ಮನೆಗೆ ತಂದಾಗಿತ್ತು. ‘ಮಗು ಬಿಟ್ಟು ಓಡಿಹೋದವಳು’ ಅಂತ ಬೀದಿಗೆಲ್ಲ ಸುದ್ದಿಯಾಯಿತು. ರಕ್ಷಾ ಶಿವಮೊಗ್ಗದ ಗೋಪಾಳದಲ್ಲಿ ಒಂದು ಸಣ್ಣ ಮನೆ ಹಿಡಿದು, ಮಗಳನ್ನು ಕೊಡಿಸಿ ಅಂತ ಕೋರ್ಟಿಗೆ ಹೋದಳು.

ಈಗ ಬಂಗಾರಮ್ಮನ ಸಾಕ್ಷಿಯ ಸರದಿ. ಯುವರಾಜನ ವಕೀಲ ಜನಾರ್ದನ ಮೆತ್ತಗಿನ ಮಾತಿನ ಮನುಷ್ಯ. ತಮ್ಮ ಆಫೀಸಿನಲ್ಲಿ ಅಫಿಡವಿಟ್ ಓದಿ ಹೇಳಿ ಸಹಿ ಹಾಕಿಸಿಕೊಂಡರು. ಮಗ ಸೊಸೆಯ ಮೇಲೆ ಕೈ ಮಾಡಿದ್ದಿಲ್ಲ, ಸೊಸೆ ಬಚ್ಚಲಲ್ಲಿ ಜಾರಿ ಬಿದ್ದಳು, ಮಗುವಿಗೆ ಅಪ್ಪನೆಂದರೆ ಪ್ರಾಣ.

‘ನೋಡಿಮ್ಮಾ’ ಅಂದರು ಜನಾರ್ದನ, ‘ಗಂಡ ಹೆಂಡ್ತಿ ಜಗಳ ಬೇರೆ, ಮಗು ವಿಷಯ ಬೇರೆ. ಅವರು ಎಷ್ಟೇ ಕೂಗಾಡ್ಲಿ, ಮಗು ಮೈಮೇಲೆ ಒಂದು ಏಟಿಲ್ಲ. ಅವಳು ಬೆಳಗ್ಗೆ ಕೆಲ್ಸಕ್ಕೆ ಹೋದ್ರೆ ಮಗು ನೋಡೋರು ಯಾರು? ಇಲ್ಲಿ ನೀವಿದ್ದೀರಿ. ಮನೇಲಿ ಅಜ್ಜಿ ಇದ್ದಾಳೆ ಅನ್ನೋದೇ ನಮ್ಮ ಕೇಸಿನ ಜೀವ.’

ಆ ಮಾತು ಬಂಗಾರಮ್ಮನ ಎದೆಯಲ್ಲಿ ನಾಟಿತು. ಇಷ್ಟು ದಿನ ಅವಳು ಏನೆಂದುಕೊಂಡಿದ್ದಳು? ನಾನಿದ್ದೇನೆ, ಮಗುವಿಗೆ ಏನೂ ಆಗಲು ಬಿಡುವುದಿಲ್ಲ ಅಂತ. ಈಗ ನೋಡಿದರೆ, ತಾನಿರುವುದಕ್ಕೇ ಮಗು ಅಲ್ಲಿರಬೇಕಂತೆ. ಎಂಥ ಹಣೆಬರಹ ಮಾರಾಯ್ರೆ!

ಹಾಗಂತ ಅವಳಿಗೆ ಮೊಮ್ಮಗಳನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಅದರ ಜಡೆ, ಅದರ ಡಬ್ಬಿ, ಅದರ ಹೋಮ್‌ವರ್ಕು. ಯುವರಾಜ್ ಅಂಗಡಿಗೆ ಹೋದ ಮೇಲೆ ಆ ಹುಡುಗಿ ಬೇರೆಯೇ ಹುಡುಗಿ. ಅಕ್ಕಿರೊಟ್ಟಿ ಬೇಡ, ದೋಸೆ ಬೇಕು ಅಂತ ತಟ್ಟೆ ನೂಕುತ್ತಿದ್ದಳು. ಅಜ್ಜಿಯ ಸೆರಗು ಹಿಡಿದು ಜೋತಾಡುತ್ತಿದ್ದಳು. ‘ನಿನ್ ಹಲ್ಲು ಹಳ್ದಿ’ ಅಂತ ಅಣಕಿಸುತ್ತಿದ್ದಳು. ‘ನಿನ್ನ ಹಠಕ್ಕೆ ಬೆಂಕಿ ಹಾಕ’ ಅಂತ ಬೈಯುತ್ತಲೇ ಬಂಗಾರಮ್ಮ ದೋಸೆ ಹುಯ್ಯುತ್ತಿದ್ದಳು. ಆ ಹಠವೊಂದು ಇಲ್ಲದಿದ್ದರೆ ಅವಳಿಗೆ ಆ ಮನೆಯಲ್ಲಿ ಇನ್ನೇನಿತ್ತು?

ಸಾಕ್ಷಿಗೆ ಮುಂಚಿನ ವಾರ ಒಂದು ಸಂಜೆ ಯುವರಾಜ್ ಬಂದಾಗ ಬಂಗಾರಮ್ಮ ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಅಂಗಡಿಯಲ್ಲಿ ಯಾರ ಜೊತೆಗೋ ಕಿತ್ತಾಡಿಕೊಂಡು ಬಂದಿದ್ದನಂತೆ. ನಡುಮನೆಯಲ್ಲಿ ಏನೋ ಬಿದ್ದ ಸದ್ದು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಡಬೇಕು, ಅಷ್ಟರಲ್ಲಿ ಇಂಪನಾ ಒಳಗೆ ಬಂದಳು. ನೀರಿನ ಲೋಟ ಕೈಯಲ್ಲೇ ಇತ್ತು. ಬಾಗಿಲಿಗೆ ಅಡ್ಡ ನಿಂತು, ಅಜ್ಜಿಯ ಸೀರೆಯ ನೆರಿಗೆ ಹಿಡಿದು, ಪಿಸುದನಿಯಲ್ಲಿ ಹೇಳಿದಳು.

‘ಈಗ ಬರ್ಬೇಡ ಅಜ್ಜಿ. ಮುಖ ನೋಡ್ದೆ. ನೀನು ಒಳಗೇ ಇರು, ನಾನು ನೋಡ್ಕೋತೀನಿ.’

ನಾನು ನೋಡ್ಕೋತೀನಿ! ಹಾಲುಹಲ್ಲು ಬಿದ್ದ ಬಾಯಲ್ಲಿ ಆ ಮಾತು. ಮಗು ಲೋಟ ಹಿಡಿದುಕೊಂಡು, ತುಳುಕದ ಹಾಗೆ ಹೆಜ್ಜೆ ಇಡುತ್ತಾ ಹೊರಗೆ ಹೋಯಿತು. ಒಲೆಯ ಮೇಲೆ ಮುದ್ದೆ ತಳ ಹಿಡಿಯಿತು, ಬಂಗಾರಮ್ಮನಿಗೆ ಅದರ ಪರಿವೆಯೂ ಇರಲಿಲ್ಲ.

ಸಾಕ್ಷಿಯ ದಿನ ಯುವರಾಜ್ ತಾಯಿಯನ್ನೂ ಮಗಳನ್ನೂ ಬಾಡಿಗೆ ಕಾರಿನಲ್ಲಿ ಕರೆತಂದ. ದಾರಿಯುದ್ದಕ್ಕೂ ಒಂದೇ ಮಾತು. ‘ಅವ್ವಾ, ಅವರು ಏನೇ ಕೇಳ್ಲಿ, ಇಲ್ಲ, ಗೊತ್ತಿಲ್ಲ ಅನ್ನು. ಜಾಸ್ತಿ ಮಾತಾಡ್ಬೇಡ.’ ಅವಳು ಹ್ಞೂ ಅಂದಳು.

ಕಟಕಟೆಯಲ್ಲಿ ನಿಂತಾಗ ಎದುರಿಗೆ ನ್ಯಾಯಾಧೀಶೆ. ಕನ್ನಡಕ ಹಾಕಿದ, ದಣಿದ ಮುಖದ ಹೆಂಗಸು. ಒಂದು ಬದಿಗೆ ಯುವರಾಜ್, ಇನ್ನೊಂದು ಬದಿಗೆ ರಕ್ಷಾ. ಇಂಪನಾ ಹೊರಗೆ ಸಮಾಲೋಚಕಿ ಮೇಡಂ ಜೊತೆ ಇದ್ದಳು. ರಕ್ಷಾಳ ವಕೀಲೆ ಸತ್ಯಭಾಮಾ ಎದ್ದು ಪ್ರಶ್ನೆ ಶುರುಮಾಡಿದರು.

‘ನಿಮ್ಮ ಮಗ ಸೊಸೆಗೆ ಹೊಡೆಯೋದನ್ನ ನೀವು ನೋಡಿದ್ದೀರಿ ಅಂತ ನಾನು ಹೇಳ್ತೀನಿ.’

‘ಇಲ್ಲ.’

‘ಅವರ ಕೈ ಬಾಗಿಲಿಗೆ ಸಿಕ್ಕಿಸಿ ಮುರಿದಿದ್ದು ನಿಮ್ಮ ಮಗ.’

‘ಬಚ್ಚಲಲ್ಲಿ ಜಾರಿ ಬಿದ್ಲು.’

ರಕ್ಷಾ ಕಣ್ಣು ಮುಚ್ಚಿಕೊಂಡಳು. ಜನಾರ್ದನ ಪೆನ್ನಿನ ಕ್ಯಾಪ್ ಹಾಕಿದರು. ಸತ್ಯಭಾಮಾ ಹಾಗೆ ಕೇಳಿದರು, ಹೀಗೆ ಕೇಳಿದರು. ಇಲ್ಲ, ಗೊತ್ತಿಲ್ಲ, ನೆನಪಿಲ್ಲ. ಬಂಗಾರಮ್ಮ ಗಿಣಿಪಾಠ ಒಪ್ಪಿಸಿದಳು. ಕೊನೆಗೆ ಸತ್ಯಭಾಮಾ ಸೋತು ಕೂತರು.

ಆಗ ನ್ಯಾಯಾಧೀಶೆ ಕನ್ನಡಕ ತೆಗೆದು, ಅಕ್ಕರೆಯಿಂದಲೇ ಕೇಳಿದರು. ‘ಅಜ್ಜೀ, ವರದಿ ಓದಿದೆ. ಅಪ್ಪ ಬಂದ ತಕ್ಷಣ ಮಗು ಚಪ್ಪಲಿ ಎತ್ತಿಟ್ಟು ನೀರು ಕೊಡುತ್ತಂತೆ. ಇಷ್ಟು ಚಿಕ್ಕ ಮಗು! ನೀವೇ ಕಲಿಸಿದ್ದಾ?’

ಅದು ಹೊಗಳಿಕೆ. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬಂಗಾರಮ್ಮ ಹೌದು ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಯುವರಾಜ್ ಒಮ್ಮೆ ಕೆಮ್ಮಿದ. ಅವಳಿಗೆ ಗೊತ್ತಿಲ್ಲದೆ ಅವಳ ತಲೆ ಅವನ ಕಡೆ ತಿರುಗಿತು. ಕಣ್ಣು ನೇರ ಅವನ ಹುಬ್ಬಿಗೆ ಹೋಯಿತು. ಗಂಟು ಹಾಕಿದ್ದಾನಾ, ಇಲ್ಲವಾ?

ಥೂ, ನನ್ನ ಜನ್ಮಕ್ಕಿಷ್ಟು! ಮೊಮ್ಮಗಳಿಗೆ ಮುಖ ನೋಡು ಅಂತ ಕಲಿಸಿದವಳು, ಈ ವಯಸ್ಸಿನಲ್ಲಿ, ಕೋರ್ಟಿನ ಕಟಕಟೆಯಲ್ಲಿ ನಿಂತು, ತಾನೇ ಹೆತ್ತ ಮಗನ ಮುಖ ನೋಡುತ್ತಿದ್ದಾಳೆ. ನಾಳೆ ಇಂಪನಾ ಯಾವ ಮನೆಯಲ್ಲಿ, ಯಾರ ಮುಖ ನೋಡುತ್ತಾ ನಿಲ್ಲಬೇಕು?

‘ನಾನೇ ಕಲಿಸಿದ್ದು’ ಅಂದಳು. ‘ಹೊಡ್ತ ತಪ್ಪಿಸ್ಕೊಳ್ಳೋಕೆ ಕಲಿಸಿದ್ದು.’

ಟೈಪು ಮಾಡುತ್ತಿದ್ದವನ ಕೈ ನಿಂತಿತು. ಜನಾರ್ದನ ದಡಬಡಿಸಿ ಎದ್ದರು. ‘ಮೇಡಂ, ಸಾಕ್ಷಿಗೆ ಪ್ರಶ್ನೆ ಅರ್ಥ ಆಗಿಲ್ಲ...’

‘ಕೂತ್ಕೊಳ್ಳಿ’ ಅಂದರು ನ್ಯಾಯಾಧೀಶೆ. ‘ಅಜ್ಜೀ, ಮಗುವಿಗೆ ಹೊಡೆದಿದ್ದಾರಾ?’

‘ಇಲ್ಲ ಮೇಡಂ. ಕೂಸಿನ ಮೇಲೆ ಕೈ ಮಾಡಿಲ್ಲ. ಸುಳ್ಳು ಹೇಳಲ್ಲ. ನನ್ನ ಗಂಡನೂ ಮಗನಿಗೆ ಒಂದೇಟು ಹೊಡ್ದೋನಲ್ಲ. ನನಗೆ ಹೊಡೀತಿದ್ದ. ಇವನು ಬೂಟು ಎತ್ತಿಟ್ಟು, ನೀರು ಕೊಟ್ಟು, ಮೂಲೇಲಿ ನಿಂತು ನೋಡ್ತಿದ್ದ. ಇವನಿಗೂ ಹಿಂಗೇ ಕಲಿಸಿದ್ದೆ, ಮುಖ ನೋಡು, ಮಾತಾಡ್ಬೇಡ ಅಂತ. ಎಲ್ರೂ ಎಂಥ ಒಳ್ಳೆ ಹುಡುಗ ಅಂತಿದ್ರು. ಇವತ್ತು ಏನಾಗಿದ್ದಾನೆ ನೋಡಿ.’

ಅವಳು ಕಟಕಟೆಯ ಕಂಬಿ ಹಿಡಿದುಕೊಂಡಳು.

‘ಈ ಕೂಸು ನನ್ನ ಹತ್ರ ಹಠ ಮಾಡ್ತದೆ. ಅದರಮ್ಮನ ಹತ್ರ ಇನ್ನೂ ಹಠ ಮಾಡ್ತದೆ, ನಿಮ್ಮ ಮೇಡಂ ನೋಡಿದ್ದಾರೆ. ಇವನ ಹತ್ರ ಮಾತ್ರ ಮಾಡಲ್ಲ. ಒಂದು ದಿನಾನೂ ಮಾಡಿಲ್ಲ. ಮಕ್ಕಳು ಹೆದರಿಕೆ ಇಲ್ಲದ ಕಡೆ ಅಲ್ವಾ ತಾಯಿ ಹಠ ಮಾಡೋದು?’

ನ್ಯಾಯಾಧೀಶೆ ಅಫಿಡವಿಟ್ಟಿನ ಹಾಳೆ ತಿರುವಿ ಕೇಳಿದರು. ‘ಸೊಸೆ ಬಚ್ಚಲಲ್ಲಿ ಬಿದ್ದಳು ಅಂದ್ರಿ. ಪ್ರಮಾಣ ಮಾಡಿ ಹೇಳಿದ್ದೀರಿ. ಈಗ ಬೇರೆ ಹೇಳ್ತಿದ್ದೀರಿ. ಯಾವುದು ನಿಜ?’

‘ಬಾಗಿಲಿಗೆ ಸಿಕ್ಕಿಸಿ ಮುರಿದಿದ್ದು ನಿಜ. ಆವಾಗ ಹೇಳಿದ್ದು, ತಿರುಗಿ ಅದೇ ಮನೆಗೆ ಹೋಗ್ಬೇಕಲ್ಲ ಅಂತ ಹೇಳಿದ್ದು.’

ಯುವರಾಜ್ ಎದ್ದು ‘ಅವ್ವಾ!’ ಅಂತ ಗದರಿದ. ಆ ದನಿಗೆ ಬಂಗಾರಮ್ಮನ ಹೆಗಲು ಮುದುರಿತು. ಅದನ್ನು ಅವಳಿಗೆ ತಡೆಯಲಾಗಲಿಲ್ಲ. ನ್ಯಾಯಾಧೀಶೆ ಅವನನ್ನು ನೋಡಲಿಲ್ಲ, ಮುದುರಿದ ಆ ಹೆಗಲನ್ನೇ ನೋಡಿದರು.

ಊಟದ ಹೊತ್ತಿನಲ್ಲಿ ಅವರು ಇಂಪನಾಳನ್ನು ತಮ್ಮ ಕೋಣೆಗೆ ಕರೆಸಿಕೊಂಡು ಮಾತಾಡಿದರು. ಏನು ಕೇಳಿದರೋ, ಮಗು ಏನು ಹೇಳಿತೋ, ಹೊರಗಿನವರಿಗೆ ತಿಳಿಯಲಿಲ್ಲ. ಮಧ್ಯಾಹ್ನ ಆದೇಶ ಓದಿದರು. ಕೇಸು ಮುಗಿಯುವ ತನಕ ಮಗು ತಾಯಿಯ ಹತ್ತಿರ ಇರಬೇಕು, ತಂದೆ ಇಲ್ಲೇ, ಸಮಾಲೋಚಕರ ಎದುರಿಗೆ ಮಗುವನ್ನು ನೋಡಬಹುದು. ಕೊನೆಯ ತೀರ್ಪು ಇನ್ನೂ ಎಷ್ಟೋ ದೂರ ಇತ್ತು. ಅಜ್ಜಿ ಮಾತು ಬದಲಿಸಿದ್ದನ್ನೇ ಹಿಡಿದು ಮೇಲಿನ ಕೋರ್ಟಿಗೆ ಹೋಗುತ್ತೇನೆ ಅಂತ ಜನಾರ್ದನ ಅಲ್ಲೇ ಹೇಳಿದರು. ನಾಳೆ ಏನಾದರೂ ಆಗಬಹುದು. ಈ ಸಂಜೆ ಮಾತ್ರ ಇಂಪನಾ ಗೋಪಾಳಕ್ಕೆ ಹೋಗುತ್ತಾಳೆ.

ವರಾಂಡದಲ್ಲಿ ಯುವರಾಜ್ ತಾಯಿಯ ಹತ್ತಿರ ಬಂದ. ಸುತ್ತ ಜನ ಇದ್ದರಲ್ಲ, ಮುಖದಲ್ಲಿ ನಗುವೇ ಇತ್ತು. ‘ನಿನ್ನ ಬಟ್ಟೆಬರೆ ಗೇಟಿನ ಹೊರಗೆ ಇಟ್ಟಿರ್ತೀನಿ’ ಅಂದ ಮೆಲ್ಲಗೆ. ‘ನಂಗೆ ಅವ್ವ ಇಲ್ಲ ಅಂದ್ಕೋತೀನಿ.’ ಕಾರು ಅವಳನ್ನು ಬಿಟ್ಟು ಹೊರಟುಹೋಯಿತು. ಬಂಗಾರಮ್ಮನಿಗೆ ಮೊದಲು ನೆನಪಾದದ್ದು ಚಡ್ಡಿ ಹಾಕಿಕೊಂಡು ಬೂಟು ಎತ್ತಿಡುತ್ತಿದ್ದ ಹುಡುಗ. ಕಣ್ಣಲ್ಲಿ ನೀರು ಬಂತು. ಹೆತ್ತ ಹೊಟ್ಟೆ, ಏನು ಮಾಡುವುದು.

ರಕ್ಷಾ ಹತ್ತಿರ ಬಂದಳು. ಅವಳ ಎಡಗೈ ಮಣಿಕಟ್ಟು ಇನ್ನೂ ಸ್ವಲ್ಪ ಸೊಟ್ಟಗೇ ಇತ್ತು. ‘ಅತ್ತೆ, ಆಸ್ಪತ್ರೇಲಿ ಆವತ್ತೇ ಈ ಮಾತು ಹೇಳಿದ್ದಿದ್ರೆ...’ ಅಂದಳು. ಬಂಗಾರಮ್ಮ ಆ ಮಣಿಕಟ್ಟನ್ನು ಒಮ್ಮೆ ಮುಟ್ಟಿದಳು. ಆಮೇಲೆ ರಕ್ಷಾಳೇ, ‘ಎಲ್ಲಿಗೆ ಹೋಗ್ತೀರಿ? ಬನ್ನಿ ನಮ್ಮನೆಗೆ’ ಅಂದಳು.

‘ಬೇಡ ಕಣವ್ವ. ನಾನು ಬಂದ್ರೆ, ಅವ್ವನ್ನ ನೋಡ್ಬೇಕು ಅಂತ ಅದೇ ನೆಪದಲ್ಲಿ ಅವನು ನಿನ್ನ ಬಾಗಿಲಿಗೆ ಬಂದು ನಿಲ್ತಾನೆ. ಭದ್ರಾವತೀಲಿ ನನ್ನ ತಂಗಿ ಚೌಡಮ್ಮ ಇದ್ದಾಳೆ, ಅಲ್ಲಿಗೆ ಹೋಗ್ತೀನಿ. ನೀನು ಕೂಸಿಗೆ ದೋಸೆ ಹುಯ್ದು ಕೊಡು. ರೊಟ್ಟಿ ಅಂದ್ರೆ ತಟ್ಟೆ ನೂಕ್ತದೆ.’

ಅಷ್ಟರಲ್ಲಿ ಇಂಪನಾ ಬಂದಳು. ಅಜ್ಜಿ ಬರುವುದಿಲ್ಲ ಅಂತ ಗೊತ್ತಾದದ್ದೇ ತಡ, ಶುರುವಾಯಿತು. ‘ನಾನೂ ಹೋಗಲ್ಲ! ಅಜ್ಜಿ ಬೇಕು! ನೀನು ಬೇಡ!’ ಅಂತ ಅಮ್ಮನ ಹೊಟ್ಟೆಗೆ ಗುದ್ದಿದಳು. ಚಪ್ಪಲಿ ಕಿತ್ತು ಒಂದನ್ನು ಈ ಕಡೆ, ಒಂದನ್ನು ಆ ಕಡೆ ಎಸೆದಳು. ವರಾಂಡದ ನೆಲದ ಮೇಲೆ ಬಿದ್ದು, ಕೋರ್ಟಿನ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕಿರುಚಿದಳು. ರಕ್ಷಾ ಅವಳನ್ನು ಎತ್ತಿಕೊಳ್ಳಲು ಹೋಗಿ ಕೆನ್ನೆಗೆ ಪರಚಿಸಿಕೊಂಡಳು.

‘ಅಯ್ಯೋ, ನೋಡ್ರಿ, ತಾಯಿ ಹತ್ರ ಇರೋಕೆ ಮಗುಗೆ ಒಂಚೂರೂ ಇಷ್ಟ ಇಲ್ಲ’ ಅಂದಳು ಬೆಂಚಿನ ಮೇಲೆ ಕೂತಿದ್ದ ಯಾರೋ ಹೆಂಗಸು. ‘ಇಂಥವರಿಗೆ ಕೊಡ್ತಾರಲ್ಲಪ್ಪ ಮಕ್ಕಳನ್ನ!’

ರಕ್ಷಾ ಸುಸ್ತಾಗಿ ಅತ್ತೆಯ ಕಡೆ ನೋಡಿದಳು. ‘ಸುಮ್ನಿರು ಅಂತ ನೀವಾದ್ರೂ ಹೇಳಿ ಅತ್ತೆ. ನಿಮ್ಮ ಮಾತು ಕೇಳ್ತಾಳೆ.’

ಹೌದು, ಕೇಳುತ್ತಿದ್ದಳು. ಬಂಗಾರಮ್ಮ ಒಂದು ಸಲ ತುಟಿಯ ಮೇಲೆ ಬೆರಳಿಟ್ಟರೆ ಸಾಕು, ಆ ಮಗು ಆ ಕ್ಷಣವೇ ಬಾಯಿ ಮುಚ್ಚಿ, ಎದ್ದು, ಚಪ್ಪಲಿ ಜೋಡಿಸಿಡುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಗ್ಗಿ, ಮೊಮ್ಮಗಳ ಕೆದರಿದ ಕೂದಲನ್ನು ಹಣೆಯಿಂದ ಸರಿಸಿದಳು.

‘ಕೂಗು ನನ್ನವ್ವ’ ಅಂದಳು. ‘ಎಷ್ಟು ಬೇಕೋ ಅಷ್ಟು ಕೂಗು.’

ಅಲ್ಲಿಂದ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಗೇಟು ದಾಟಿದ ಮೇಲೂ ಆ ಕೂಗು ಕೇಳಿಸುತ್ತಿತ್ತು. ಬಂಗಾರಮ್ಮ ಒಂದು ಗಳಿಗೆ ನಿಂತು ಕೇಳಿಸಿಕೊಂಡಳು, ಕಣ್ಣೊರೆಸಿಕೊಂಡಳು, ಆಮೇಲೆ ರಸ್ತೆ ದಾಟಿದಳು.